ಗೋಡೆಯಾಗಬಯಸಿದವಳು

ಕಳೆದ ಮಾಘಮಾಸದಲ್ಲಿ ನನ್ನ ತಮ್ಮನ ಮಗಳು ಬೆಂಗಳೂರಿನಿಂದ ಬಂದು ನಮ್ಮಲ್ಲಿ ಎಂಟು ದಿನವಿದ್ದು ಹೋದಳು. ಹೊರಡುವಾಗ ನನ್ನ ಮೇಜಿನ ಮೇಲೆ ಒಂದು ಕಟ್ಟು ಪುಸ್ತಕಗಳನ್ನಿಟ್ಟು, "ದೊಡ್ಡಪ್ಪ, ಹೊತ್ತು ಹೋಗದಿದ್ದಾಗ ಇವನ್ನು ನೋಡಿ. ಜಪಾನಿನ ಮಾಂಗಾಗಳು" ಎಂದಳು. ನನ್ನ ಕಿವಿ ಈಚೆಗೆ ಸ್ವಲ್ಪ ಮಂದ. "ಈ ವಯಸ್ಸಿನಲ್ಲಿ ನನಗೆ ಮಂಗಗಳ ಸಹವಾಸವೇಕಮ್ಮ?" ಎಂದೆ. ಮನೆಮಂದಿಯೆಲ್ಲ ನಕ್ಕರು, ಆ ನಗೆಯ ನಡುವೆಯೇ ಅವಳು ಬಸ್ಸಿಗೆ ಹೊರಟುಹೋದಳು.

ಅದೇ ಮೇಜಿನ ಖಾನೆಯಲ್ಲಿ ಅವಳ ಜಾತಕವೂ ಅದರ ಜೊತೆಗೆ ಮೂವರು ವರಗಳ ಜಾತಕಗಳೂ ಇದ್ದವು. ಯಾವುದು ಕೂಡಿಬರುವುದೆಂದು ನೋಡಿ ತಿಳಿಸಬೇಕೆಂದು ನನ್ನ ತಮ್ಮನು ಕಳುಹಿಸಿದ್ದನು. ಈ ಸಂಗತಿ ಅವಳಿಗೆ ತಿಳಿದಿತ್ತೋ ಇಲ್ಲವೋ ನಾನರಿಯೆ.

ಮಾಂಗಾ ಎಂದರೆ ಚಿತ್ರಗಳ ಮೂಲಕ ಹೇಳಿದ ಕಥೆ. ೧೮೧೪ರಲ್ಲಿ ಹೊಕುಸಾಯಿ ಎಂಬ ಪ್ರಸಿದ್ಧ ಚಿತ್ರಕಾರನು ತನ್ನ ಚಿತ್ರಸಂಗ್ರಹದ ಮೊದಲನೆಯ ಸಂಪುಟವನ್ನು ಈ ಹೆಸರಿನಿಂದಲೇ ಹೊರತಂದನು. ಇಂದು ಜಪಾನಿನಲ್ಲಿ ಮಕ್ಕಳಿಂದ ಮುದುಕರವರೆಗೆ ಎಲ್ಲರೂ ಓದುವ ಸಾಹಿತ್ಯವಿದು. ಪುಸ್ತಕವನ್ನು ಬಲದಿಂದ ಎಡಕ್ಕೆ ಓದಬೇಕು. ಇಂಗ್ಲಿಷಿಗೆ ತಂದವರೂ ಆ ಕ್ರಮವನ್ನು ಕೆಡಿಸಿಲ್ಲ. ಮೊದಲ ದಿನ ನಾನು ಕಥೆಯ ಕೊನೆಯಿಂದ ಆದಿಗೆ ಪ್ರಯಾಣಮಾಡಿ ಬೆಪ್ಪಾದೆ. ಪಾಠದ ಪುಸ್ತಕದೊಳಗೆ ಬಚ್ಚಿಟ್ಟುಕೊಂಡು ಓದುವ ಹುಡುಗರ ಕೈಯಿಂದ ಚಿತ್ರಕಥೆಗಳನ್ನು ಕಿತ್ತುಕೊಳ್ಳುವುದರಲ್ಲಿಯೇ ಮೂವತ್ತು ವರ್ಷ ಕಳೆದ ಮೇಷ್ಟರಿಗೆ ಇದು ತಕ್ಕ ಶಾಸ್ತಿಯೆಂದು ನನ್ನ ಮನೆಯವಳು ಹೇಳಿದಳು.

ಕಟ್ಟಿನಲ್ಲಿದ್ದುದು ನಾಲ್ಕು ಕಥೆಗಳು. ಎರಡನ್ನು ಓದುವಷ್ಟರಲ್ಲಿ ಅವನ್ನು ಪೋಣಿಸಿದ ದಾರ ಯಾವುದೆಂಬುದು ಹೊಳೆಯಿತು. ನಾಲ್ಕರಲ್ಲಿಯೂ, ಯಾರನ್ನು ಕಂಡರೂ ಕಾಮಾಕರ್ಷಣೆ ಹುಟ್ಟದ ಒಬ್ಬ ವ್ಯಕ್ತಿಯುಂಟು. ಇಂಥವರನ್ನು ಇಂದು ‘ಅಸೆಕ್ಷುಯಲ್’ ಎನ್ನುತ್ತಾರೆ. ಇದು ವ್ರತವಲ್ಲ, ರೋಗವಲ್ಲ, ಶಕ್ತಿಹೀನತೆಯೂ ಅಲ್ಲ, ಸ್ವಭಾವ. ಇವರಲ್ಲಿ ಕೆಲವರಿಗೆ ಪ್ರೇಮವುಂಟು, ಕಾಮವಿಲ್ಲ. ಕೆಲವರಿಗೆ ಎರಡೂ ಇಲ್ಲ. ಜಪಾನಿನಲ್ಲಿ ಮೊದಲನೆಯ ಬಗೆಯವರನ್ನು ‘ನಾನ್‌ಸೆಕ್ಷುಯಲ್’ ಎಂಬ ಬೇರೆ ಹೆಸರಿನಿಂದ ಕರೆಯುವುದೂ ಉಂಟು.

ಪಾಠಶಾಲೆಯಲ್ಲಿ ಅಮರಕೋಶವನ್ನು ಬಾಯಿಪಾಠಮಾಡಿದವನಿಗೆ ಹೊಸ ವಸ್ತು ಎದುರಾದಾಗ ಮೊದಲು ಬರುವ ಯೋಚನೆ, ನಮ್ಮಲ್ಲಿ ಇದಕ್ಕೆ ಶಬ್ದವೇನು ಎಂಬುದು. ‘ಅಲೈಂಗಿಕ’ ಎಂದರೆ ಜೀವಶಾಸ್ತ್ರದ ಪಾಠದಲ್ಲಿ ಅಮೀಬಾ ಎರಡಾಗಿ ಒಡೆಯುವ ಚಿತ್ರ ನೆನಪಾಗುತ್ತದೆ. ‘ನಿಷ್ಕಾಮ’ವನ್ನು ಕರ್ಮಯೋಗವು ತನ್ನದಾಗಿ ಮಾಡಿಕೊಂಡಿದೆ. ‘ವಿರಕ್ತ’ನು ಮಠವನ್ನು ಸೇರಿಬಿಟ್ಟಿದ್ದಾನೆ. ‘ಜಿತೇಂದ್ರಿಯ’, ‘ಊರ್ಧ್ವರೇತಸ್ಕ’ ಇವು ಯುದ್ಧಮಾಡಿ ಗೆದ್ದವರ ಬಿರುದುಗಳು. ‘ಕ್ಲೀಬ’ ಮೊದಲಾದವು ಬೈಗುಳಗಳು. ಗೆದ್ದವನಿಗೆ ಶಬ್ದವುಂಟು, ಸೋತವನಿಗೆ ಶಬ್ದವುಂಟು. ಯುದ್ಧವೇ ಇಲ್ಲದವನಿಗೆ ನನಗೆ ತಿಳಿದ ಶಬ್ದರಾಶಿಯಲ್ಲಿ ಒಂದು ಸ್ಥಳ ಸಿಕ್ಕಲಿಲ್ಲ. ಆಗ ನನಗೆ ಒಬ್ಬ ಸ್ನೇಹಿತನ ನೆನಪಾಯಿತು. ಅವನ ವಿಷಯವನ್ನು ಮುಂದೆ ಹೇಳುತ್ತೇನೆ.

ಜಪಾನಿನ ಕಥೆಗಾರರಿಗೂ ಈ ವಸ್ತು ಒಂದೇ ಸಲಕ್ಕೆ ಕೈಗೆ ಬಂದುದಲ್ಲ. ಆ ಕಟ್ಟಿನಲ್ಲಿರದಿದ್ದರೂ ಇಂದಿನ ಹುಡುಗರೆಲ್ಲ ಬಲ್ಲ ‘ಒನ್ ಪೀಸ್’ ಎಂಬ ಕಥೆಯನ್ನು ನೋಡಬಹುದು. ಓಡಾ ಏಯಿಚಿರೋ ಎಂಬವರು ೧೯೯೭ರಲ್ಲಿ ಅದನ್ನು ಆರಂಭಿಸಿದರು. ಅದರ ನಾಯಕನಾದ ಲೂಫಿಯು ಹೆಂಗಸರೇ ಇರುವ ಒಂದು ದ್ವೀಪಕ್ಕೆ ಹೋಗುತ್ತಾನೆ. ಅಲ್ಲಿಯ ರಾಣಿಯಾದ ಹ್ಯಾನ್‌ಕಾಕಳ ಚೆಲುವಿಗೆ ಮನಸ್ಸು ಕದಡಿದವರನ್ನೆಲ್ಲ ಅವಳು ಕಲ್ಲಾಗಿ ಮಾಡಬಲ್ಲಳು. ಲೂಫಿ ಮಾತ್ರ ಕಲ್ಲಾಗುವುದಿಲ್ಲ. ಅವನ ಮನಸ್ಸಿನಲ್ಲಿ ಕದಡುವುದಕ್ಕೆ ಏನೂ ಇಲ್ಲ. ಇದನ್ನು ಕೇಳಿದಾಗ ನನಗೆ ಭಾಗವತದ ಶುಕನು ನೆನಪಾದನು. ನಗ್ನನಾಗಿ ಹೋಗುತ್ತಿದ್ದ ತರುಣ ಶುಕನನ್ನು ಕಂಡು ನಾಚದ ಸ್ನಾನದ ಸ್ತ್ರೀಯರು, ಅವನ ಹಿಂದೆಯೇ ಬಂದ ವೃದ್ಧರಾದ ವ್ಯಾಸರನ್ನು ಕಂಡು ಸೀರೆಗಳನ್ನು ಉಟ್ಟುಕೊಂಡರಷ್ಟೆ. ಶುಕನದು ಬ್ರಹ್ಮಜ್ಞಾನ, ಲೂಫಿಯದು ಹುಡುಗಾಟಿಕೆ. ಆದರೆ ಎರಡೆಡೆಯಲ್ಲಿಯೂ ಕಾಮವಿಲ್ಲದಿರುವಿಕೆಯು ಅಸಾಮಾನ್ಯನ ಕವಚ. ಲೂಫಿಯನ್ನು ಕರ್ತರು ಯಾವ ಹೆಸರಿನಿಂದಲೂ ಕರೆದಿಲ್ಲ. ಓದುಗರಲ್ಲಿ ಕೆಲವರು ಅವನನ್ನು ತಮ್ಮವನೆಂದು ಭಾವಿಸಿಕೊಂಡಿದ್ದಾರೆ. ವೀರನಲ್ಲಿ ಈ ಗುಣ ಕಂಡರೆ ಯಾರೂ ಪ್ರಶ್ನೆ ಮಾಡುವುದಿಲ್ಲ. ಪಕ್ಕದ ಮನೆಯ ಹುಡುಗಿಯಲ್ಲಿ ಕಂಡರೆ ಪ್ರಶ್ನೆಗಳ ಮಳೆ ಸುರಿಯುತ್ತದೆ. ನನ್ನ ಮೇಜಿನ ಮೇಲಿದ್ದ ಕಥೆಗಳು ಪಕ್ಕದ ಮನೆಯವರ ಕಥೆಗಳು.

ಅವುಗಳಲ್ಲಿ ಇಸಾಕಿ ಊತ ಎಂಬವರದು ಒಂದೇ ಸಂಪುಟದ ಸಣ್ಣ ಪುಸ್ತಕ. ಇಂಗ್ಲಿಷಿನಲ್ಲಿ ಅದರ ಹೆಸರಿನ ಅರ್ಥ ‘ಪ್ರೇಮವೇ ಉತ್ತರವೆ?’ ಎಂದು. ಅದರ ನಾಯಿಕೆಯಾದ ಚಿಕಾ ಎಂಬ ಹುಡುಗಿಗೆ ಯಾರ ಮೇಲೂ ಮನಸ್ಸು ಹೋಗಿದ್ದಿಲ್ಲ. ಶರೀರಸಂಪರ್ಕದ ಆಸೆಯೂ ಇಲ್ಲ. ತಾನು ಬೇರೊಂದು ಗ್ರಹದಿಂದ ಬಂದವಳಿರಬಹುದೇ ಎಂದು ಅವಳು ಯೋಚಿಸುತ್ತಾಳೆ. ತಕ್ಕವನು ಇನ್ನೂ ಸಿಕ್ಕಿಲ್ಲ, ಅಷ್ಟೇ ಎಂದು ಗೆಳತಿಯರು ಸಮಾಧಾನ ಹೇಳುತ್ತಾರೆ. ವಿಶ್ವವಿದ್ಯಾನಿಲಯವನ್ನು ಸೇರಿ ತನ್ನಂಥವರನ್ನು ಕಂಡಮೇಲೆ ಅವಳಿಗೆ ತನ್ನ ಸ್ವಭಾವಕ್ಕೊಂದು ಹೆಸರಿದೆಯೆಂದೂ ತಾನು ಒಂಟಿಯಲ್ಲವೆಂದೂ ತಿಳಿಯುತ್ತದೆ.

ತಕ್ಕವನು ಇನ್ನೂ ಸಿಕ್ಕಿಲ್ಲ ಎಂಬ ಆ ಸಮಾಧಾನದ ಮಾತನ್ನು ಓದಿದಾಗ ನಾನು ಪುಸ್ತಕವನ್ನು ಮುಚ್ಚಿಟ್ಟೆ. ಅದು ನಾನೇ ಒಮ್ಮೆ ಹೇಳಿದ ಮಾತು.

ಪಾಠಶಾಲೆಯಲ್ಲಿ ನನಗೊಬ್ಬ ಸಹಪಾಠಿಯಿದ್ದನು. ವ್ಯಾಕರಣದಲ್ಲಿ ನನಗಿಂತ ಮೇಲು, ಹಾಡುಗಾರಿಕೆಯಲ್ಲಿ ಎಲ್ಲರಿಗಿಂತ ಮೇಲು. ಇಬ್ಬರೂ ವಿದ್ವತ್ ಪರೀಕ್ಷೆಯನ್ನು ಮುಗಿಸಿ ಒಂದೇ ತಾಲ್ಲೂಕಿನಲ್ಲಿ ಅಧ್ಯಾಪಕರಾದೆವು. ೧೯೮೭ರಲ್ಲಿ, ನನ್ನ ಮದುವೆಯಾದ ಮರುವರ್ಷ, ಅವನಿಗೂ ಒಂದು ಸಂಬಂಧವನ್ನು ನಾನೇ ಹುಡುಕಿದೆ. ಅವನ ತಾಯಿಯ ಕಣ್ಣೀರಿಗೂ ನನ್ನ ಒತ್ತಾಯಕ್ಕೂ ಅವನು ಒಪ್ಪಿದನು. ನಿಶ್ಚಿತಾರ್ಥಕ್ಕೆ ನಾಲ್ಕು ದಿನವಿರುವಾಗ, ರಾತ್ರಿ ಊಟದ ಹೊತ್ತು ಮೀರಿದ ಮೇಲೆ ನಮ್ಮ ಮನೆಗೆ ಬಂದು ಜಗಲಿಯಲ್ಲಿ ಕುಳಿತನು.

"ಆ ಹುಡುಗಿಯಲ್ಲಿ ದೋಷವೇನೂ ಇಲ್ಲ ಕಣಯ್ಯಾ. ನನಗೇ ಆ ಬಗೆಯ ಹಸಿವಿಲ್ಲ. ಎಂದೂ ಇದ್ದಿಲ್ಲ. ಹಸಿವಿಲ್ಲದವನನ್ನು ಪಂಕ್ತಿಯಲ್ಲಿ ಕೂರಿಸಿ ಒಂದು ಎಲೆಯನ್ನೇಕೆ ಹಾಳುಮಾಡುತ್ತೀಯೆ?" ಎಂದನು.

"ಎಲೆಯ ಮುಂದೆ ಕುಳಿತರೆ ಹಸಿವು ತಾನಾಗಿ ಬರುತ್ತದೆ. ನಿನಗೆ ಇನ್ನೂ ತಕ್ಕವಳು ಸಿಕ್ಕಿರಲಿಲ್ಲ, ಅಷ್ಟೆ" ಎಂದು ನಾನು ನಕ್ಕೆ. ಗೃಹಸ್ಥಾಶ್ರಮದ ಮಹಿಮೆಯನ್ನು ಕುರಿತು ನಾಲ್ಕು ಶ್ಲೋಕಗಳನ್ನೂ ಹೇಳಿದೆನೆಂದು ನೆನಪು. ಅವನು ಎದ್ದು ಹೋದನು. ಮರುದಿನ ಸಂಬಂಧ ಬೇಡವೆಂದು ಹುಡುಗಿಯ ತಂದೆಗೆ ತಾನೇ ಹೋಗಿ ಹೇಳಿ, ತಪ್ಪು ತನ್ನದೆಂದು ಕೈಮುಗಿದು ಬಂದನು. ಮಧ್ಯಸ್ಥನಾದ ನನಗೆ ತಲೆಯೆತ್ತಲಾಗಲಿಲ್ಲ. ಮೂರು ವರ್ಷ ನಾನು ಅವನೊಡನೆ ಮಾತನಾಡಲಿಲ್ಲ. ಬಳಿಕ ಮಾತು ಕೂಡಿತು. ಆ ರಾತ್ರಿಯ ವಿಷಯವನ್ನು ಮಾತ್ರ ಇಬ್ಬರೂ ಎತ್ತಲಿಲ್ಲ.

ಕೆಲವು ದಿನಗಳ ಮೇಲೆ ಇನ್ನೊಂದು ಕಥೆಯನ್ನು ಕೈಗೆತ್ತಿಕೊಂಡೆ. ನಕತಾನಿ ನಿಯೋ ಎಂಬವರು ೨೦೧೫ರಿಂದ ೨೦೧೯ರವರೆಗೆ ಬರೆದ, ಎಂಟು ಸಂಪುಟಗಳ ಕಥೆ. ಇಂಗ್ಲಿಷಿನಲ್ಲಿ ‘ಬ್ಲೂಮ್ ಇನ್‌ಟು ಯು’ ಎಂದು ಹೆಸರು. ಅದರ ನಾಯಿಕೆಯಾದ ಯೂ ಎಂಬವಳಿಗೆ ಮೊದಮೊದಲು, ಹಾಡುಗಳಲ್ಲಿ ಕೇಳಿದ ಪ್ರೇಮವು ತನ್ನ ಎದೆಗೆ ಏಕೆ ಇಳಿಯದೆಂಬ ಚಿಂತೆ. ಕಥೆ ಮುಂದುವರಿದಂತೆ ಅವಳು ಹಿರಿಯ ವಿದ್ಯಾರ್ಥಿನಿಯೊಬ್ಬಳನ್ನು ಪ್ರೀತಿಸುತ್ತಾಳೆ. ಇಷ್ಟೇ ಆಗಿದ್ದರೆ, ಎಲೆಯ ಮುಂದೆ ಕುಳಿತರೆ ಹಸಿವು ಬರುತ್ತದೆ ಎಂಬ ನನ್ನ ವಾದಕ್ಕೆ ಈ ಕಥೆ ಸಾಕ್ಷಿ ಹೇಳುತ್ತಿತ್ತು. ಆದರೆ ಅವಳ ಪಕ್ಕದಲ್ಲಿ ಕರ್ತರು ಮಾಕಿ ಎಂಬ ಹುಡುಗನನ್ನು ನಿಲ್ಲಿಸಿದ್ದಾರೆ. ಎಲ್ಲರೂ ತಮ್ಮ ಪ್ರೇಮದ ಗುಟ್ಟುಗಳನ್ನು ಅವನ ಮುಂದೆ ತೋಡಿಕೊಳ್ಳುತ್ತಾರೆ. ಅವನು ಆಸ್ಥೆಯಿಂದ ಕೇಳುತ್ತಾನೆ. ಪ್ರೇಮವೆಂಬ ನಾಟಕವನ್ನು ನೋಡುವುದೆಂದರೆ ಅವನಿಗೆ ಬಲು ಇಷ್ಟ. ತಾನು ರಂಗವನ್ನು ಹತ್ತಲಾರನು. ಹಿಂದೊಮ್ಮೆ, ಸಲಹೆ ಕೇಳುತ್ತ ಬಂದ ಹುಡುಗಿಯೊಬ್ಬಳು ಅವನನ್ನೇ ಮೆಚ್ಚಿದಾಗ, ಪಾತ್ರಧಾರಿಯು ವೇಷದಲ್ಲಿಯೇ ಇಳಿದುಬಂದು ಪ್ರೇಕ್ಷಕನ ಕೈಹಿಡಿದು ಎಳೆದಷ್ಟು ಅವನಿಗೆ ಅಸಮಂಜಸವಾಗಿತ್ತು. ಎಂಟು ಸಂಪುಟ ಮುಗಿದರೂ ಅವನು ಬದಲಾಗುವುದಿಲ್ಲ. ಅವನಿಗೆ ದುಃಖವೂ ಇಲ್ಲ.

ತಡವಾಗಿ ಅರಳಿದವಳನ್ನೂ ಅರಳುವ ಪ್ರಶ್ನೆಯೇ ಇಲ್ಲದವನನ್ನೂ ಒಂದೇ ಕಥೆಯಲ್ಲಿ ಅಕ್ಕಪಕ್ಕದಲ್ಲಿಟ್ಟು, ಇವರಿಬ್ಬರೂ ಬೇರೆ ಬೇರೆ ಎಂದು ತೋರಿಸಿದುದು ದೊಡ್ಡ ವಿವೇಕವೆಂದು ನನಗೆ ತೋರಿತು. ನಮ್ಮ ಪ್ರಾಚೀನರಿಗೆ ಗಿಡಮರಗಳ ವಿಷಯದಲ್ಲಿ ಈ ವಿವೇಕವಿತ್ತು. ಹೂಬಿಟ್ಟು ಹಣ್ಣಾಗುವುದು ವಾನಸ್ಪತ್ಯ. ಹೂವನ್ನು ತೋರದೆಯೇ ಹಣ್ಣಾಗುವ ಅತ್ತಿಯಂಥದು ವನಸ್ಪತಿ. ಅತ್ತಿಯ ಮರವನ್ನು ನೋಡಿ, ಇದಕ್ಕೆ ಇನ್ನೂ ತಕ್ಕ ವಸಂತ ಬಂದಿಲ್ಲವೆಂದು ಯಾರೂ ಮರುಗಲಿಲ್ಲ.

ಆದರೆ ಇಂಥವನನ್ನು ಕಥೆಯ ನಡುವೆ ನಿಲ್ಲಿಸುವುದು ಸುಲಭವಲ್ಲ. ಹತ್ತನೆಯ ಶತಮಾನದ ಧನಂಜಯನು ತನ್ನ ದಶರೂಪಕದಲ್ಲಿ, ಶಮವು ನಾಟ್ಯದಲ್ಲಿ ಪುಷ್ಟಿಹೊಂದಲಾರದೆಂದನು. ಅಭಿನವಗುಪ್ತನು ಶಾಂತವನ್ನು ಒಂಬತ್ತನೆಯ ರಸವಾಗಿ ಎತ್ತಿಹಿಡಿದನು. ನಾಗಾನಂದದ ಜೀಮೂತವಾಹನನು ಪರರಿಗಾಗಿ ಪ್ರಾಣವನ್ನೇ ಕೊಡಹೊರಟವನು. ಅವನಿಗೂ ಹರ್ಷನು ಮಲಯವತಿಯ ಪ್ರೇಮವನ್ನು ಕೂಡಿಸಿಯೇ ನಾಟಕವನ್ನು ನಡೆಸಿದನು. ನಮ್ಮ ವಿಷಯವು ಶಾಂತರಸವಲ್ಲ. ಮಾಕಿಗೆ ಮೋಕ್ಷದ ಗೊಡವೆಯಿಲ್ಲ. ಆದರೂ ಕಥೆಗಾರನ ಕಷ್ಟ ಒಂದೇ: ಶೃಂಗಾರವನ್ನು ತೆಗೆದಮೇಲೆ ಕಥೆಯನ್ನು ಮುಂದಕ್ಕೆ ಎಳೆಯುವ ಎತ್ತು ಯಾವುದು?

ಶಿರೋನೋ ಹೊನಾಮಿ ಎಂಬವರ ಮೂರು ಸಂಪುಟಗಳ ಕಥೆಯಲ್ಲಿ ಈ ಪ್ರಶ್ನೆಗೆ ಒಂದು ಉತ್ತರವಿದೆ. ಅದರ ಹೆಸರು ‘ನಾನು ಗೋಡೆಯಾಗಬೇಕು’ ಎಂದು. ಇಬ್ಬರು ಗಂಡಸರ ನಡುವಿನ ಪ್ರೇಮಕಥೆಗಳನ್ನು ಓದಿ ಆನಂದಿಸುವ ಹೆಂಗಸರ ಒಂದು ಬಳಗ ಜಪಾನಿನಲ್ಲಿದೆ. ಆ ಪ್ರೇಮಿಗಳಿಗೆ ಅಡ್ಡಬಾರದೆ, ಅವರಿರುವ ಕೋಣೆಯ ಗೋಡೆಯಾಗಿ ಎಲ್ಲವನ್ನೂ ನೋಡುತ್ತಿರಬೇಕೆಂಬುದು ಆ ಬಳಗದ ಒಂದು ವಾಡಿಕೆಯ ಮಾತು. ನಾಯಿಕೆಯಾದ ಯುರಿಕೋ ಅಂಥ ಓದುಗಳು. ತನಗೆ ಮಾತ್ರ ಯಾರ ಮೇಲೂ ಆಕರ್ಷಣೆಯಿಲ್ಲ. ತಂದೆತಾಯಿಗಳ ಸಮಾಧಾನಕ್ಕಾಗಿ ಅವಳು ಗಾಕುರೋತಾ ಎಂಬವನನ್ನು ಮದುವೆಯಾಗುತ್ತಾಳೆ. ಅವನ ಮನಸ್ಸಾದರೋ ಬಾಲ್ಯದ ಗೆಳೆಯನೊಬ್ಬನಲ್ಲಿ ನೆಟ್ಟಿದೆ. ಇಬ್ಬರಿಗೂ ಇನ್ನೊಬ್ಬರ ಸ್ಥಿತಿ ಗೊತ್ತು, ಮುಚ್ಚುಮರೆಯಿಲ್ಲ. ಒಂದೇ ಮೇಜಿನಲ್ಲಿ ಊಟಮಾಡುತ್ತ, ಒಬ್ಬರ ಮಾತನ್ನೊಬ್ಬರು ಕೇಳುತ್ತ ನಿಧಾನವಾಗಿ ಒಂದು ಸಂಸಾರ ಕಟ್ಟಿಕೊಳ್ಳುತ್ತದೆ. ಎತ್ತು ಯಾವುದೆಂದರೆ ಸ್ನೇಹ. ೨೦೨೨ರಲ್ಲಿ ಜಪಾನಿನ ಎನ್.ಎಚ್.ಕೆ. ಸಂಸ್ಥೆಯು ಪ್ರೇಮವೂ ಕಾಮವೂ ಇಲ್ಲದ ಇಬ್ಬರು ಒಂದೇ ಮನೆಯಲ್ಲಿ ಕುಟುಂಬದಂತೆ ಬಾಳಲು ಹೊರಡುವ ಕಥೆಯನ್ನು ದೂರದರ್ಶನದಲ್ಲಿ ಪ್ರಸಾರಮಾಡಿತು. ವಿಷಯವು ಮಾಂಗಾದ ಪುಟಗಳಿಂದಾಚೆಗೂ ಹಬ್ಬಿರುವುದಕ್ಕೆ ಅದು ಗುರುತು.

ಯುರಿಕೋವಿನ ಕಥೆಯನ್ನು ನಾನು ಸಂತೋಷದಿಂದ ಓದಿದೆ. ಆದರೂ ಮನಸ್ಸಿನಲ್ಲಿ ಒಂದು ಮುಳ್ಳು ಉಳಿಯಿತು. ಅವಳ ಮದುವೆ ನಡೆದುದು ಹೆತ್ತವರಿಗೆ ನಿಜ ಹೇಳಲಾರದ ಇಕ್ಕಟ್ಟಿನಿಂದ. ಗಂಡ ಒಳ್ಳೆಯವನಾದುದು ಅವಳ ಪುಣ್ಯ. ಕಥೆಗಾರರ ದಾಕ್ಷಿಣ್ಯವೆಂದರೂ ಸಲ್ಲುತ್ತದೆ. ಜಗತ್ತಿನಲ್ಲಿ ಎಲ್ಲರಿಗೂ ಅಂಥ ಕಥೆಗಾರರು ದೊರೆಯರು. ನನ್ನ ಸಹಪಾಠಿಗೆ ದೊರೆತವನು ನಾನು.

ಅಲಂಕಾರಶಾಸ್ತ್ರದ ಅಭ್ಯಾಸಬಲದಿಂದ, ಈ ಮೂರು ಕಥೆಗಳ ಉಪಮಾನಗಳನ್ನು ಒಂದು ಕಾಗದದ ಮೇಲೆ ಬರೆದುಕೊಂಡೆ: ಅನ್ಯಗ್ರಹದವಳು, ಪ್ರೇಕ್ಷಕ, ಗೋಡೆ. ಮೂರೂ ಹೊರಗೆ ನಿಂತವರಿಗೆ ಕೊಡುವ ಹೆಸರುಗಳು. ಅನ್ಯಗ್ರಹದವಳು ಈ ಭೂಮಿಯವಳಲ್ಲ, ಪ್ರೇಕ್ಷಕನು ರಂಗದವನಲ್ಲ, ಗೋಡೆಯು ಮನುಷ್ಯನೇ ಅಲ್ಲ. ಸಹಾನುಭೂತಿಯಿಂದ ಬರೆಯುವವರು ಸಹ ಇಂಥವರಿಗೆ ಅಂಚಿನಲ್ಲಿಯೇ ಸ್ಥಳ ಕೊಡುತ್ತಾರಲ್ಲ, ಇದೇಕೆ? ಇತರರ ಪ್ರೇಮವನ್ನು ನೋಡಿ ಸಂತೋಷಪಡುವುದಾದರೆ ಮಾತ್ರ ಇವರಿಗೆ ಒಳಗೆ ಪ್ರವೇಶವೆ? ಈ ಆಕ್ಷೇಪವನ್ನು ಮೊದಲು ಕರ್ತರ ಮೇಲೆ ಹೊರಿಸಿದೆ. ಮತ್ತೆ ಯೋಚಿಸಿದರೆ, ಈ ಉಪಮಾನಗಳನ್ನು ಹೇಳುವವರು ಆ ಪಾತ್ರಗಳೇ. ತಾನು ಗೋಡೆಯೆಂದು ಇತರರು ಅವಳಿಗೆ ಹೇಳಿದುದಲ್ಲ, ಅವಳೇ ಬಯಸಿದುದು. ಒಳಗೆ ಸ್ಥಳವಿಲ್ಲವೆಂದು ಅರಿತವರು ಹೊರಗೆ ನಿಲ್ಲುವುದಕ್ಕೆ ಮರ್ಯಾದೆಯಾದ ಒಂದು ತಾವನ್ನು ತಾವೇ ಕಟ್ಟಿಕೊಳ್ಳುತ್ತಾರೆ. ತಪ್ಪು ಉಪಮಾನದಲ್ಲಿಲ್ಲ, ಮನೆಯ ಕಟ್ಟೋಣದಲ್ಲಿದೆ.

ಕೊನೆಯದು ಕಮತಾನಿ ಯೂಕಿ ಎಂಬವರ ‘ಶಿಮಾನಾಮಿ ತಾಸೊಗಾರೆ’. ೨೦೧೫ರಿಂದ ೨೦೧೮ರವರೆಗೆ ಬಂದ, ನಾಲ್ಕು ಸಂಪುಟಗಳ ಈ ಕಥೆ ನಡೆಯುವುದು ಹಿರೋಷಿಮಾ ಪ್ರಾಂತದ ಓನೊಮಿಚಿಯಲ್ಲಿ. ಒಳಸಮುದ್ರದ ದಡದಲ್ಲಿ ಗುಡ್ಡದ ಇಳಿಜಾರಿಗೆ ಅಂಟಿಕೊಂಡ, ಗುಡಿಗಳೂ ಮೆಟ್ಟಿಲುದಾರಿಗಳೂ ತುಂಬಿದ ಊರು ಅದು. ‘ತಾಸೊಗಾರೆ’ ಎಂದರೆ ಮುಸ್ಸಂಜೆ. ಬೆಳಕು ಕುಂದಿ, ಎದುರಿಗೆ ಬರುವವರು ಯಾರೆಂದು ಕೇಳಬೇಕಾದ ಹೊತ್ತಾದ್ದರಿಂದ ಆ ಶಬ್ದವು ‘ಅವನು ಯಾರು?’ ಎಂಬ ಮಾತಿನಿಂದ ಹುಟ್ಟಿತಂತೆ. ನಿರುಕ್ತವನ್ನು ಮೆಚ್ಚುವವನಿಗೆ ಈ ಒಂದು ಶಬ್ದಕ್ಕಾಗಿಯೇ ಪುಸ್ತಕವನ್ನು ಕೊಳ್ಳಬಹುದೆನಿಸಿತು.

ಆ ಗುಡ್ಡದ ಮೇಲೆ, ಬಂದವರು ಕುಳಿತು ಹೋಗತಕ್ಕ ಒಂದು ಮನೆಯುಂಟು. ಅದರ ಒಡತಿಯನ್ನು ಎಲ್ಲರೂ ‘ದರೆಕಾ-ಸಾನ್’ ಎನ್ನುತ್ತಾರೆ. ‘ಯಾರೋ ಒಬ್ಬರು’ ಎಂದು ಅರ್ಥ. ತನ್ನ ಗುಟ್ಟು ಸಹಪಾಠಿಗಳಿಗೆ ತಿಳಿದು, ಬಾಳೇ ಬೇಡವೆಂದು ನಿಂತ ತಾಸುಕು ಎಂಬ ಹುಡುಗನು ಅವಳನ್ನು ಕಾಣುತ್ತಾನೆ. ನೀನು ನನ್ನೊಡನೆ ಏನು ಬೇಕಾದರೂ ಹೇಳಬಹುದು, ನಾನಾಗಿ ಏನನ್ನೂ ಕೇಳುವುದಿಲ್ಲ ಎಂಬುದು ಅವಳ ರೀತಿ. ಮೊದಲು ಅವಳು ಮನುಷ್ಯಳೋ ಮಾಯೆಯೋ ಎಂದು ಸಂಶಯವಾಗುವಂತೆ ಚಿತ್ರಿಸಿದ್ದಾರೆ: ಕಿಟಕಿಯಿಂದ ಹಾರುತ್ತಾಳೆ, ಕಣ್ಮರೆಯಾಗುತ್ತಾಳೆ. ಇವಳೂ ಹೊರಗಿನವಳೇ ಆದಳಲ್ಲ ಎಂದು ನಾನು ನಿರಾಶನಾಗುತ್ತಿದ್ದೆ. ಕಥೆಯ ಕೊನೆಕೊನೆಗೆ ತಿಳಿಯುತ್ತದೆ, ಅವಳಿಗೆ ಯಾರ ಮೇಲೂ ಪ್ರೇಮವಾಗಲಿ ಕಾಮವಾಗಲಿ ಹುಟ್ಟುವುದಿಲ್ಲವೆಂದು. ಆದರೆ ಈ ಕಥೆಯಲ್ಲಿ ಅಂಚಿನಲ್ಲಿರುವವರು ಬೇರೆಯವರು, ಮನೆಯೇ ಅವಳದು. ಊರಿನಲ್ಲಿ ಸ್ಥಳವಿಲ್ಲದವರೆಲ್ಲ ಅವಳ ಚಾವಡಿಗೆ ಬಂದು ಕೂರುತ್ತಾರೆ. ಕರ್ತರು ತಾವೂ ಈ ಸ್ವಭಾವದವರೆಂದು ಬಹಿರಂಗವಾಗಿ ಹೇಳಿಕೊಂಡವರು. ಆದಕಾರಣವೇ ಅವಳನ್ನು ಗೋಡೆಯಾಗಿಸದೆ ಮನೆಯೊಡತಿಯಾಗಿಸಿದರೇನೋ.

‘ಯಾರೋ’ ಎಂಬ ಹೆಸರು ಅನಾಮಧೇಯತೆಯ ಗುರುತೆಂದು ಮೊದಲು ತೋರುತ್ತದೆ. ನಮ್ಮ ವೇದದಲ್ಲಿ ಪ್ರಜಾಪತಿಗೇ ‘ಕ’ ಎಂಬ ಹೆಸರುಂಟು. ‘ಯಾರು’ ಎಂದೇ ಅದರ ಅರ್ಥ. ಪ್ರಶ್ನೆಯನ್ನೇ ಹೆಸರಾಗಿ ಇಟ್ಟುಕೊಂಡು, ಉತ್ತರಕ್ಕಾಗಿ ಪೀಡಿಸದೆ ನಮಸ್ಕರಿಸುವುದನ್ನು ನಮ್ಮ ಹಿರಿಯರು ಬಲ್ಲವರಾಗಿದ್ದರು. ದೇವರ ವಿಷಯದಲ್ಲಿ ಸಾಧ್ಯವಾದುದು ಸ್ನೇಹಿತನ ವಿಷಯದಲ್ಲಿ ನನಗೆ ಸಾಧ್ಯವಾಗಲಿಲ್ಲ.

ಆ ಸ್ನೇಹಿತನು ತೀರಿಕೊಂಡು ನಾಲ್ಕು ವರ್ಷವಾಯಿತು. ಸಂತಾಪಸಭೆಯಲ್ಲಿ ನಾನೇ ಮುಖ್ಯ ಭಾಷಣಕಾರ. ಅವನನ್ನು ಜಿತೇಂದ್ರಿಯನೆಂದೆ, ಕಲಿಯುಗದ ಭೀಷ್ಮನೆಂದೆ. ವಿದ್ಯಾದಾನಕ್ಕಾಗಿ ಸಂಸಾರಸುಖವನ್ನು ತ್ಯಜಿಸಿದನೆಂದೆ. ಜನರು ಚಪ್ಪಾಳೆ ತಟ್ಟಿದರು, ಕೆಲವರು ಕಣ್ಣೊರಸಿಕೊಂಡರು. ಅವನು ಬದುಕಿದ್ದಾಗ ಯಾರೋ ಅವನ ಮುಂದೆಯೇ ಭೀಷ್ಮನ ಹೆಸರೆತ್ತಿದ್ದರು, "ಭೀಷ್ಮನು ಬಿಟ್ಟವನು. ನಾನು ಏನನ್ನು ಬಿಟ್ಟೆನಪ್ಪಾ?" ಎಂದು ಅವನು ನಕ್ಕಿದ್ದನು. ನಾನು ಅಲ್ಲಿಯೇ ಇದ್ದೆ. ಅದನ್ನು ವಿನಯವೆಂದು ಎಣಿಸಿದೆ. ಅದು ವಿನಯವಲ್ಲ, ಸರಳವಾದ ಸತ್ಯಕಥನವಾಗಿತ್ತು. ಬದುಕಿದ್ದಾಗ ಅವನಲ್ಲಿ ಇಲ್ಲದ ಹಸಿವನ್ನು ಇದೆಯೆಂದು ಸಾಧಿಸಹೋದೆ. ಸತ್ತಮೇಲೆ ಅವನು ಮಾಡದ ಯುದ್ಧವನ್ನು ಗೆದ್ದನೆಂದು ಹೊಗಳಿದೆ. ಎರಡು ಸಲವೂ ಅವನು ಹೇಳಿದ್ದನ್ನು ಕೇಳಲಿಲ್ಲ. ನಿಂದೆಗಿಂತ ಹೊಗಳಿಕೆಯ ಅಪರಾಧ ಸಣ್ಣದೆಂದು ಈಗ ನನಗೆ ಅನಿಸುವುದಿಲ್ಲ. ಈ ಪತ್ರಿಕೆಯ ಓದುಗರಲ್ಲಿ ಅವನ ಶಿಷ್ಯರು ಹಲವರಿರುವುದರಿಂದ, ಆ ದಿನದ ನನ್ನ ಭಾಷಣವನ್ನು ಇಲ್ಲಿ ಹಿಂತೆಗೆದುಕೊಳ್ಳುತ್ತೇನೆ. ಅವನು ಋಷಿಯಲ್ಲ, ಕೊರತೆಯುಳ್ಳವನೂ ಅಲ್ಲ. ಚೆನ್ನಾಗಿ ವ್ಯಾಕರಣವನ್ನು ಹೇಳಿಕೊಟ್ಟನು, ಚೆನ್ನಾಗಿ ಹಾಡಿದನು, ಸ್ನೇಹಿತರ ಮನೆಗಳಲ್ಲಿ ಹೊಟ್ಟೆತುಂಬ ಉಂಡನು. ಅವನ ಬಾಳು ಹಾಗಿತ್ತು.

ಪುಸ್ತಕಗಳನ್ನು ಮುಗಿಸಿದ ದಿನ ಮೇಜಿನ ಖಾನೆಯಿಂದ ಜಾತಕಗಳನ್ನು ಹೊರತೆಗೆದೆ. ಅಷ್ಟಕೂಟದ ಲೆಕ್ಕದಲ್ಲಿ ಒಟ್ಟು ೩೬ ಗುಣಗಳು. ಯೋನಿಕೂಟಕ್ಕೆ ೪, ನಾಡಿಕೂಟಕ್ಕೆ ೮ ಎಂದು ಹಂಚಿಕೆ. ಎಷ್ಟೋ ಮನೆಗಳಿಗೆ ನಾನು ಈ ಲೆಕ್ಕವನ್ನು ಹಾಕಿಕೊಟ್ಟಿದ್ದೇನೆ. ಆ ಮೂವತ್ತಾರರಲ್ಲಿ, ಇವಳಿಗೆ ಮದುವೆ ಬೇಕೇ ಎಂಬುದಕ್ಕೆ ಒಂದು ಗುಣವೂ ಇಲ್ಲವೆಂಬುದು ಇಷ್ಟು ವರ್ಷ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ನಾಲ್ಕು ಜಾತಕಗಳನ್ನೂ ಲಕೋಟೆಯಲ್ಲಿಟ್ಟು ತಮ್ಮನಿಗೆ ಹಿಂದಿರುಗಿಸಿದೆ. "ಲೆಕ್ಕ ಹಾಕಿಲ್ಲ. ಮೊದಲು ಅವಳನ್ನು ಕೇಳಿ ತಿಳಿದುಕೋ, ಅವಳು ಹೇಳಿದುದನ್ನು ನಂಬು" ಎಂದು ಒಂದು ಚೀಟಿ ಬರೆದೆ. ಅವನಿಗೆ ನನ್ನ ಮೇಲೆ ಕೋಪ ಬಂದಿದೆ. ಅದು ನ್ಯಾಯವೇ; ಮಗಳ ತಂದೆಗೆ ಇರುವ ಚಿಂತೆ ಪುಸ್ತಕ ಓದುವವನಿಗೆ ಇಲ್ಲ. ಅವಳು ಈ ಕಥೆಗಳನ್ನೇ ಆರಿಸಿ ನನ್ನ ಮೇಜಿನ ಮೇಲಿಟ್ಟುದು ಏಕೆಂದು ನನಗೆ ತಿಳಿಯದು. ಬೇರೆ ಪುಸ್ತಕಗಳು ಕೈಗೆ ಸಿಕ್ಕದೆ ಇವನ್ನು ತಂದಿದ್ದರೂ ತಂದಿರಬಹುದು. ಮೊನ್ನೆ ದೂರವಾಣಿಯಲ್ಲಿ, "ಮಂಗಗಳನ್ನು ಓದಿದಿರಾ ದೊಡ್ಡಪ್ಪ?" ಎಂದು ಕೇಳಿದಳು. ಎಲ್ಲವನ್ನೂ ಓದಿದೆನೆಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿರಲಿಲ್ಲ. "ಯುಗಾದಿಗೆ ಬಾಮ್ಮ. ಹೇಳಬೇಕೆನಿಸಿದರೆ ಹೇಳು, ನಾನಾಗಿ ಏನನ್ನೂ ಕೇಳುವುದಿಲ್ಲ" ಎಂದೆ.

ಬರುತ್ತೇನೆಂದಿದ್ದಾಳೆ.